ಬೊರ್ಗಾಟಾ ಟೇಬಲ್ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತು ಎಂಟು ತಿಂಗಳು: ನ್ಯೂಜೆರ್ಸಿ ಆನ್‌ಲೈನ್ ಪೋಕರ್ ಹೇಗಿದೆ

ನಾವಿರೋ ಎಡಿಸನ್ನಿಂದ ಅಟ್ಲಾಂಟಿಕ್ ಸಿಟಿಗೆ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದ್ರೆ ಹತ್ರತ್ರ ಎರಡು ಗಂಟೆ ದಾರಿ, ಬೇಸಿಗೆ ಶುಕ್ರವಾರ ಸಂಜೆ ಬೀಚಿಗೆ ಹೋಗೋರೆಲ್ಲ ರೋಡಿಗೆ ಇಳಿದಿದ್ರೆ ಮೂರಾದ್ರೂ ಆಗುತ್ತೆ. ಮೂರು ವರ್ಷ ತಿಂಗಳಿಗೆ ಎರಡು ಸಲ ಈ ದಾರಿ ಸವೆಸಿದೀನಿ, ಬರೀ ಅಲ್ಲಿನ ಬೊರ್ಗಾಟಾ ಕ್ಯಾಸಿನೋದ ಪೋಕರ್ ರೂಮಲ್ಲಿ ಕೂತು ಆಡೋಕೆ. ಎರಡನೇ ಮಗು ಆದ್ಮೇಲೆ ಅದು ಆಗ್ಲಿಲ್ಲ, ಶನಿವಾರ ಬೆಳಗ್ಗೆ ಹೋಗಿ ಭಾನುವಾರ ಬೆಳಗಿನ ಜಾವ ಬಂದು ಮಲಗೋ ಗಂಡನ್ನ ಯಾವ ಮನೇಲೂ ಎಷ್ಟು ದಿನ ಅಂತ ತಡ್ಕೋತಾರೆ ಹೇಳಿ. ಹಾಗಾಗಿ ಎಂಟು ತಿಂಗಳ ಹಿಂದೆ ಆನ್‌ಲೈನ್‌ಗೆ ಬಂದೆ. ಇಲ್ಲಿರೋ ನಮ್ಮ ಕನ್ನಡದ ಹುಡುಗರು ಹೇಗಿದೆ ಹೇಗಿದೆ ಅಂತ ಕೇಳ್ತಾನೇ ಇರ್ತಾರೆ, ಎಲ್ಲ ಒಂದೇ ಕಡೆ ಬರೆದುಬಿಡ್ತೀನಿ.

ಮೊದಲೇ ಒಂದು ಮಾತು, ಊರಲ್ಲಿ ಕೂತು ಓದ್ತಿರೋರಿಗೆ. ಇದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಳಗೆ ಕಾನೂನು ಪ್ರಕಾರ ನಡೆಯೋ ಆಟದ ಬಗ್ಗೆ. ನಮ್ಮ ದೇಶದಲ್ಲಿ 2025ರ ಆಗಸ್ಟಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ್ಮೇಲೆ ದುಡ್ಡು ಕಟ್ಟಿ ಆಡಿಸೋ ಆಪ್‌ಗಳು, ಪೋಕರ್ ರಮ್ಮಿ ಎಲ್ಲ ಸೇರಿ, ಬಂದ್ ಆಗಿವೆ. ವಿಪಿಎನ್ ಹಾಕ್ಕೊಂಡು ಯಾವುದೋ ದ್ವೀಪದ ಸೈಟಿಗೆ ದುಡ್ಡು ಕಳಿಸೋ ಕೆಲಸ ದಯವಿಟ್ಟು ಮಾಡ್ಬೇಡಿ, ಅವರು ನಿಮ್ಮ ದುಡ್ಡು ಇಟ್ಕೊಂಡ್ರೆ ದೂರು ಕೊಡೋಕೆ ಒಂದು ಬಾಗಿಲೂ ಇರಲ್ಲ. ಇಲ್ಲೂ ಅಂಥ ಕಾಲ ಇತ್ತು. 2011ರ ಏಪ್ರಿಲ್ 15ಕ್ಕೆ ಅಮೆರಿಕ ಸರ್ಕಾರ ದೊಡ್ಡ ದೊಡ್ಡ ಪೋಕರ್ ಸೈಟ್‌ಗಳನ್ನ ಒಂದೇ ದಿನ ಇಲ್ಲಿ ಮುಚ್ಚಿಸ್ತು, ಅದ್ರಲ್ಲಿ ಫುಲ್ ಟಿಲ್ಟ್ ಅನ್ನೋ ಸೈಟಲ್ಲಿ ದುಡ್ಡಿಟ್ಟಿದ್ದ ಅಮೆರಿಕದೋರಿಗೆ ಅದು ವಾಪಸ್ ಬರೋಕೆ ಶುರುವಾಗಿದ್ದು 2014ರಲ್ಲಿ. ನ್ಯೂಜೆರ್ಸಿಲಿ 2013ರ ನವೆಂಬರಿಂದ ಲೈಸೆನ್ಸ್ ಇರೋ ಆಟ ಶುರುವಾಯ್ತು, ಪ್ರತಿ ಸೈಟೂ ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೋ ಲೈಸೆನ್ಸಿನ ಕೆಳಗೇ ನಡೀಬೇಕು, ಮೇಲೆ ಡಿಜಿಇ ಅಂತ ರಾಜ್ಯದ ಇಲಾಖೆ ಕೂತಿರುತ್ತೆ. ನನಗೆ ಧೈರ್ಯ ಕೊಟ್ಟಿದ್ದು ಇದೊಂದೇ, ಇಲ್ಲದಿದ್ರೆ ನಾನು ಕಾರ್ಡ್ ನಂಬರ್ ಹಾಕ್ತಾನೇ ಇರ್ಲಿಲ್ಲ.

ನಾನು ಮಂಡ್ಯದ ಕಡೆಯೋನು. ಯುಗಾದಿ ಬಂತು ಅಂದ್ರೆ ಊರಲ್ಲಿ ಅರಳಿಕಟ್ಟೆ ಮೇಲೆ, ಜಗಲಿ ಮೇಲೆ ಎಲ್ಲಿ ನೋಡಿದ್ರೂ ಇಸ್ಪೀಟು. ಅಪ್ಪನ ಪಕ್ಕ ಕೂತು ಎಲೆ ಕಲಸೋದು ಕಲಿತೋನು ನಾನು. ಹಾಗಾಗಿ ಎಲೆ ಕೈಯಲ್ಲಿ ಹಿಡಿಯದೆ ಆಡೋದು ಅಂದ್ರೇನೇ ಮೊದಲು ಮನಸ್ಸಿಗೆ ಒಗ್ಗಲಿಲ್ಲ. ವಿಡಿಯೋ ಕಾಲಲ್ಲಿ ಅಪ್ಪನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಎಲೆ ಯಾರು ಕಲಸ್ತಾರೋ ಮಗಾ?" ಎಲ್ಲರ ಪ್ರಶ್ನೆಯೂ ಅದೇ ತಾನೆ. ಕಲಸೋದು ಕಂಪ್ಯೂಟರ್, ಆ ಕಲಸೋ ಪ್ರೋಗ್ರಾಮನ್ನ ಡಿಜಿಇ ಪರೀಕ್ಷೆ ಮಾಡಿ ಒಪ್ಪಿದ್ಮೇಲೇ ಸೈಟ್ ಬಳಸಬಹುದು. ಆದ್ರೂ ಆನ್‌ಲೈನಲ್ಲಿ ಕೊನೇ ಎಲೇಲಿ ಸೋತಿದ್ದು ಜಾಸ್ತಿ ಅನ್ಸುತ್ತೆ ಎಲ್ಲರಿಗೂ, ನನಗೂ ಅನ್ಸಿತ್ತು, ಕಾರಣ ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಕ್ಯಾಸಿನೋಲಿ ಡೀಲರ್ ಎಲೆ ಹಂಚಿ ಗಂಟೆಗೆ ಮೂವತ್ತು ಕೈ, ಅಂದ್ರೆ ಮೂವತ್ತು ಸುತ್ತು, ಆದ್ರೆ ಹೆಚ್ಚು. ಆನ್‌ಲೈನಲ್ಲಿ ಒಂದು ಟೇಬಲ್ಲಲ್ಲೇ ಅರವತ್ತು ಎಪ್ಪತ್ತು, ಎರಡು ಟೇಬಲ್ ತೆರೆದ್ರೆ ನೂರಾ ಮೂವತ್ತು. ಅಂದ್ರೆ ಬೊರ್ಗಾಟಾದಲ್ಲಿ ಎಂಟು ಗಂಟೆ ಕೂತು ಆಡೋ ಅಷ್ಟೂ ಆಟ ಮನೇಲಿ ರಾತ್ರಿ ಊಟ ಆದ್ಮೇಲೆ ಎರಡೇ ಗಂಟೇಲಿ ಮುಗಿಯುತ್ತೆ. ಎಂಟು ಗಂಟೇಲಿ ಬರಬೇಕಾಗಿದ್ದ ದುರದೃಷ್ಟವೂ ಎರಡೇ ಗಂಟೇಲಿ ಬಂದು ಮುಖಕ್ಕೆ ಹೊಡೆಯುತ್ತೆ.

ಈ ವೇಗಾನೇ ಈ ಸೇವೆಯ ಗುಣ, ಇದೇ ದೋಷ. ಬೇರೆ ಎಲ್ಲ ಇದರ ಕೆಳಗೆ ಬರುತ್ತೆ.

ಗುಣ ಹೇಗೆ ಅಂತ ಹೇಳ್ತೀನಿ. ಕ್ಯಾಸಿನೋಲಿ ಮೂರು ವರ್ಷ ಆಡಿದ್ರೂ ನಾನು ಎಲ್ಲಿ ತಪ್ತಿದೀನಿ ಅಂತ ನನಗೆ ಗೊತ್ತಾಗಿರಲಿಲ್ಲ, ಮನೆಗೆ ಬರ್ತಾ ಕಾರಲ್ಲಿ ನೆನಪಾಗೋದು ದೊಡ್ಡ ಪಾಟ್, ಅಂದ್ರೆ ಒಂದು ಕೈಲಿ ಎಲ್ಲರೂ ಕಟ್ಟಿ ಸೇರಿದ ದುಡ್ಡು, ಸೋತಿದ್ದು ಮಾತ್ರ. ಆನ್‌ಲೈನಲ್ಲಿ ಪ್ರತಿ ಕೈಯೂ ದಾಖಲೆ ಆಗಿರುತ್ತೆ, ಹ್ಯಾಂಡ್ ಹಿಸ್ಟರಿ ತೆಗೆದು ಯಾವ ಸೀಟಲ್ಲಿ ಎಷ್ಟು ಹೋಯ್ತು ಅಂತ ನೋಡಬಹುದು. ಎರಡು ತಿಂಗಳಾದ್ಮೇಲೆ ಸುಮಾರು ಆರು ಸಾವಿರ ಕೈ ಸೇರಿತ್ತು, ಒಂದು ಭಾನುವಾರ ಕೂತು ಎಲ್ಲ ತೆಗೆದು ನೋಡಿದೆ. ಸ್ಮಾಲ್ ಬ್ಲೈಂಡ್, ಅಂದ್ರೆ ಎಲೆ ನೋಡೋ ಮುಂಚೆನೇ ಅರ್ಧ ಪಂತ ಕಟ್ಟಬೇಕಾದ ಸೀಟು, ಅಲ್ಲಿ ಕೂತಾಗ ನನ್ನ ದುಡ್ಡು ಸೋರ್ತಾ ಇತ್ತು, ಅರ್ಧ ಕಟ್ಟಿ ಆಗಿದೆಯಲ್ಲ ಇನ್ನರ್ಧ ಹಾಕಿ ನೋಡೋಣ ಅಂತ ರಾಜ-ಹತ್ತು, ರಾಣಿ-ಒಂಬತ್ತು ಇಂಥವೆಲ್ಲ ಹಿಡ್ಕೊಂಡು ಕಾಲ್ ಮಾಡೋದು, ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಎಲೇಲಿ ರಾಜ ಬಿದ್ದಾಗ ಎದುರಿಗಿರೋನ ಕೈಲಿ ಎಕ್ಕ-ರಾಜ ಇರೋದು, ಇಬ್ಬರಿಗೂ ರಾಜನ ಜೋಡಿಯೇ ಆದ್ರೂ ಎಕ್ಕ ದೊಡ್ಡದು, ನಾನು ಸೋಲೋದು. ಒಂದೇ ತಪ್ಪು, ಮತ್ತೆ ಮತ್ತೆ. ಇದನ್ನ ಮೂರು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ, ಹೇಳೋದೂ ಇಲ್ಲ, ಟೇಬಲ್ಲಲ್ಲಿ ಕೂತೋರಿಗೆ ನಾನು ತಪ್ಪು ಮಾಡಿದ್ರೇನೇ ಲಾಭ ಅಲ್ವಾ.

ಖರ್ಚಿನ ವಿಷಯ. ಕ್ಯಾಸಿನೋಲಿ ಬ್ಲೈಂಡ್ ಒಂದು-ಎರಡು ಡಾಲರ್ ಇರೋ ಟೇಬಲ್ ಅಂದ್ರೆ ಇನ್ನೂರು ಡಾಲರ್ ಇಟ್ಕೊಂಡು ಕೂರ್ತಿದ್ದೆ. ಪಾಟ್ ಗೆದ್ರೆ ಅದರಲ್ಲಿ ರೇಕ್ ಅಂತ ಕ್ಯಾಸಿನೋ ಪಾಲು ಹೋಗುತ್ತೆ, ಡೀಲರ್ ನಿಮ್ಮ ಕಣ್ಣೆದುರೇ ಚಿಪ್ ತೆಗೆದು ಪಕ್ಕದ ತೂತಿಗೆ ಹಾಕ್ತಾರೆ, ಟಕ್ ಅಂತ ಸದ್ದು ಬರುತ್ತೆ, ಆಮೇಲೆ ಡೀಲರ್‌ಗೆ ಒಂದು ಡಾಲರ್ ಟಿಪ್, ಇದಲ್ಲದೆ ಟೋಲು, ಪೆಟ್ರೋಲು, ಊಟ. ಆನ್‌ಲೈನಲ್ಲಿ ನಾನು ಆಡೋದು ಹತ್ತು ಸೆಂಟ್-ಇಪ್ಪತ್ತೈದು ಸೆಂಟ್ ಟೇಬಲ್, ಇಪ್ಪತ್ತೈದು ಡಾಲರ್ ಸಾಕು, ರೇಕ್ ನಾನು ಆಡೋ ಕಡೆ ಪಾಟಿನ ಐದು ಪರ್ಸೆಂಟ್ ಹತ್ರ ಬರುತ್ತೆ, ಟಿಪ್ ಇಲ್ಲ. ಆದ್ರೆ ಆ ಟಕ್ ಸದ್ದು ಇಲ್ಲಿಲ್ಲ ನೋಡಿ, ರೇಕ್ ಹೋಗಿದ್ದು ಕಣ್ಣಿಗೆ ಬೀಳಲ್ಲ, ಕೈ ಬೇಗ ಬೇಗ ಬರೋದ್ರಿಂದ ತಿಂಗಳ ಕೊನೇಲಿ ಕೂಡಿದ್ರೆ ಕಮ್ಮಿ ಏನಿರಲ್ಲ. ಇನ್ನೊಂದು, ದುಡ್ಡು ಚಿಕ್ಕದು ಅಂತ ಆಟ ಸುಲಭ ಅಂದ್ಕೋಬೇಡಿ. ನನ್ನ ಅನುಭವದಲ್ಲಿ ಈ ಇಪ್ಪತ್ತೈದು ಸೆಂಟ್ ಟೇಬಲ್ ಬೊರ್ಗಾಟಾದ ಎರಡು ಡಾಲರ್ ಟೇಬಲ್ಲಿಗಿಂತ ಗಟ್ಟಿ. ಅಲ್ಲಿ ಅರ್ಧ ಜನ ರಜೆಗೆ ಬಂದೋರು, ಬಿಯರ್ ಹಿಡ್ಕೊಂಡು ಖುಷಿಗೆ ಆಡ್ತಾರೆ. ಇಲ್ಲಿ ರಾತ್ರಿ ಹನ್ನೊಂದಕ್ಕೆ ಲಾಗಿನ್ ಆಗಿರೋನು ಓದ್ಕೊಂಡು ಬಂದಿರ್ತಾನೆ.

ಕಳ್ಕೊಂಡಿದ್ದು ಏನು ಅಂದ್ರೆ ಮುಖಗಳು. ಬೊರ್ಗಾಟಾದಲ್ಲಿ ಒಬ್ಬರು ವಯಸ್ಸಾದೋರು ಬರ್ತಿದ್ರು, ನೀಲಿ ಟೋಪಿ, ಎಲೆ ಬಂದ ತಕ್ಷಣ ಎರಡೂ ಅಂಗೈ ಮುಚ್ಚಿ ಹೆಬ್ಬೆರಳಲ್ಲಿ ತುದಿ ಮಾತ್ರ ಎತ್ತಿ ನೋಡೋರು. ಸುಮ್ನೆ ಬ್ಲಫ್ ಮಾಡೋವಾಗ ಚಿಪ್ಪನ್ನ ಆರಾಮಾಗಿ ಮುಂದೆ ತಳ್ಳೋರು, ನಿಜವಾಗಿ ದೊಡ್ಡ ಕೈ ಬಂದಾಗ ಬೆರಳು ನಡುಗೋದು, ಚಿಪ್ಪು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನೋದು. ಭಯಕ್ಕೆ ನಡುಕ ಅಂತ ತಿಳ್ಕೊಂಡು ಎರಡು ಸಲ ಕಾಲ್ ಮಾಡಿ ಸೋತ ಮೇಲೆ ನನಗೆ ಅದು ಸಂತೋಷದ ನಡುಕ ಅಂತ ಅರ್ಥ ಆಯ್ತು. ಆನ್‌ಲೈನಲ್ಲಿ ಇದ್ಯಾವ್ದೂ ಇಲ್ಲ, ಒಂದು ಹೆಸರು, ಒಂದು ಚಿತ್ರ, ಪಕ್ಕದಲ್ಲಿ ಕರಗ್ತಾ ಹೋಗೋ ಟೈಮ್ ಪಟ್ಟಿ. ಆ ಪಟ್ಟಿ ನೋಡೋದು ಕಲಿತೆ ಈಗ, ಕೆಲವರು ಬಲಹೀನ ಕೈ ಇದ್ದಾಗ ಚಕ್ ಅಂತ ಚೆಕ್ ಮಾಡ್ತಾರೆ, ಅಂದ್ರೆ ದುಡ್ಡು ಹಾಕದೆ ಮುಂದಿನೋರಿಗೆ ಬಿಡ್ತಾರೆ, ಕೆಲವರು ದೊಡ್ಡ ಕೈ ಇದ್ದಾಗ ಬೇಕಂತಲೇ ಟೈಮ್ ಎಳೀತಾರೆ, ಅವರ ಹೆಸರಿನ ಮೇಲೆ ನೋಟ್ ಬರ್ಕೊಂಡು ಇಡಬಹುದು, ಅದು ಒಳ್ಳೆ ಸೌಲಭ್ಯ. ಆದ್ರೂ ನೀಲಿ ಟೋಪಿ ಜೊತೆ ಊಟದ ಬ್ರೇಕಲ್ಲಿ ಮೊಮ್ಮಕ್ಕಳ ಬಗ್ಗೆ ಮಾತಾಡ್ತಿದ್ದಿದ್ದು ಎಲ್ಲಿಂದ ಬರ್ಬೇಕು.

ಈಗ ಬೇಜಾರಿನ ವಿಷಯಗಳು, ನಾನು ಆಡೋ ಸೈಟಲ್ಲಿ ಆಗಿದ್ದು. ಮೊದಲನೇದು ಬೋನಸ್. ಇನ್ನೂರು ಡಾಲರ್ ಹಾಕಿದ್ರೆ ಇನ್ನೂರು ಬೋನಸ್ ಅಂತ ದೊಡ್ಡದಾಗಿ ಬರೆದಿದ್ರು, ಹಾಕಿದೆ. ಆ ದುಡ್ಡು ಕೈಗೆ ಬರೋದು ನೀವು ರೇಕ್ ಕಟ್ತಾ ಹೋದ ಹಾಗೆ ಚೂರು ಚೂರೇ, ಅದಕ್ಕೂ ಒಂದು ಗಡುವು. ನನ್ನಂಗೆ ಚಿಕ್ಕ ಟೇಬಲ್ಲಲ್ಲಿ ವಾರಕ್ಕೆ ಮೂರು ರಾತ್ರಿ ಆಡೋನಿಗೆ ಗಡುವು ಮುಗಿಯೋ ಹೊತ್ತಿಗೆ ಬಂದಿದ್ದು ನಲವತ್ತು ಡಾಲರ್, ಉಳಿದಿದ್ದು ಹೋಯ್ತು. ಬೋನಸ್ ನೋಡ್ಕೊಂಡು ಜಾಸ್ತಿ ದುಡ್ಡು ಹಾಕ್ಬೇಡಿ, ಆಡೋಕೆ ಎಷ್ಟು ಬೇಕೋ ಅಷ್ಟೇ ಹಾಕಿ.

ಎರಡನೇದು ಲೊಕೇಶನ್. ನೀವು ರಾಜ್ಯದ ಗಡಿ ಒಳಗಿದೀರ ಅಂತ ಆಪ್ ಆಗಾಗ ನೋಡ್ತಾನೇ ಇರುತ್ತೆ, ಕಾನೂನು ಹಾಗಿದೆ, ಸರಿ. ನಮ್ಮ ಮನೇಲಿ ತೊಂದರೆ ಇಲ್ಲ. ಆದ್ರೆ ಜೆರ್ಸಿ ಸಿಟೀಲಿ ಹಡ್ಸನ್ ನದಿ ದಡದಲ್ಲಿರೋ, ಆಚೆ ದಡ ನ್ಯೂಯಾರ್ಕ್, ಫ್ರೆಂಡ್ ಮನೇಲಿ ಕೂತು ಭಾನುವಾರದ ಟೂರ್ನಮೆಂಟ್ ಆಡ್ತಿದ್ದಾಗ, ಇನ್ನು ಹತ್ತು ಹನ್ನೆರಡು ಜನ ಸೋತು ಹೋದ್ರೆ ಬಹುಮಾನ ಸಿಗೋ ಜಾಗ ಅನ್ನೋವಾಗ, ನೀವು ನ್ಯೂಜೆರ್ಸಿಲಿ ಇಲ್ಲ ಅಂತ ಹೇಳಿ ಹೊರಗೆ ಹಾಕ್ತು. ವೈಫೈ ಬದಲಾಯಿಸಿ, ಫೋನ್ ಹಾಟ್‌ಸ್ಪಾಟ್ ಹಾಕಿ, ಕೊನೆಗೆ ಲ್ಯಾಪ್‌ಟಾಪ್ ಎತ್ಕೊಂಡು ಕಟ್ಟಡದ ಆ ಕಡೆ ಮೆಟ್ಟಿಲ ಮೇಲೆ ಹೋಗಿ ಕೂತೆ, ಒಳಗೆ ಬರೋ ಹೊತ್ತಿಗೆ ಬ್ಲೈಂಡ್ ಕಟ್ಟಿ ಕಟ್ಟಿ ನನ್ನ ಚಿಪ್ಪಲ್ಲಿ ಮೂರನೇ ಒಂದು ಭಾಗ ಉಳಿದಿತ್ತು. ಕಸ್ಟಮರ್ ಕೇರ್‌ಗೆ ಬರೆದ್ರೆ ನಾಲ್ಕು ದಿನ ಬಿಟ್ಟು ರೆಡಿಮೇಡ್ ಉತ್ತರ, ನಿಮ್ಮ ಕಡೆ ನೆಟ್ ಸಮಸ್ಯೆ ಅಂತ. ಎಷ್ಟು ಸಿಟ್ಟು ಬಂತು ಅಂದ್ರೆ ಅವತ್ತೇ ಅಕೌಂಟ್ ಮುಚ್ಚೋಣ ಅಂದ್ಕೊಂಡಿದ್ದೆ. ದುಡ್ಡು ವಾಪಸ್ ತೆಗೆಯೋದ್ರಲ್ಲಿ ಮಾತ್ರ ಮೋಸ ಇಲ್ಲ, ಮೊದಲ ಸಲ ಡ್ರೈವಿಂಗ್ ಲೈಸೆನ್ಸ್ ಫೋಟೋ ಅದು ಇದು ಕೇಳಿ ಒಂದು ವಾರ ಹಿಡೀತು, ಆಮೇಲಿಂದ ಬ್ಯಾಂಕಿಗೆ ಮೂರು ನಾಲ್ಕು ದಿನಕ್ಕೆ ಬಂದಿದೆ. ಐದಕ್ಕೆ ಮೂರೂವರೆ ಕೊಡ್ತೀನಿ ನಾನು, ಆ ಕಸ್ಟಮರ್ ಕೇರ್ ಇಲ್ದಿದ್ರೆ ನಾಲ್ಕು.

ಆಟಗಾರರು ಸಿಗ್ತಾರಾ ಅಂತ ಕೇಳ್ತೀರಲ್ಲ, ಸಿಗ್ತಾರೆ. ನೆವಾಡ, ಡೆಲವೇರ್ ಜೊತೆ 2018ರಿಂದ ಒಂದೇ ಟೇಬಲ್ ಹಂಚ್ಕೊಳ್ಳೋ ಒಪ್ಪಂದ ಇದೆ, ಆಮೇಲೆ ಮಿಶಿಗನ್ ಬಂತು, 2025ರಲ್ಲಿ ಪೆನ್ಸಿಲ್ವೇನಿಯಾನೂ ಸೇರ್ಕೊಂಡ್ತು, ಆದ್ರೆ ಯಾವ ಸೈಟಲ್ಲಿ ಯಾವ ರಾಜ್ಯ ಅನ್ನೋದು ನೋಡ್ಕೊಂಡೇ ಸೇರಿ.

ಟ್ಯಾಕ್ಸ್ ಬಗ್ಗೆ ಯಾರೂ ಹೇಳಲ್ಲ, ಅದಕ್ಕೆ ಹೇಳ್ತೀನಿ. ಗೆದ್ದಿದ್ದು ಆದಾಯ, ತೋರಿಸ್ಬೇಕು. 2026ರಿಂದ ಫೆಡರಲ್ ಟ್ಯಾಕ್ಸಲ್ಲಿ ಸೋತಿದ್ದರ ತೊಂಬತ್ತು ಪರ್ಸೆಂಟ್ ಮಾತ್ರ ಕಳೆಯೋಕೆ ಬಿಡ್ತಾರೆ. ವರ್ಷಕ್ಕೆ ಹತ್ತು ಸಾವಿರ ಗೆದ್ದು ಹತ್ತು ಸಾವಿರ ಸೋತ್ರೆ ಕೈಗೆ ಏನೂ ಬಂದಿರಲ್ಲ, ಆದ್ರೂ ಒಂದು ಸಾವಿರದ ಮೇಲೆ ಟ್ಯಾಕ್ಸ್ ಬೀಳುತ್ತೆ. ಇದು ನನಗೆ ಅನ್ಯಾಯ ಅನ್ಸುತ್ತೆ. ಸೈಟಲ್ಲಿ ವರ್ಷದ ಲೆಕ್ಕ ಪೂರ್ತಿ ಸಿಗುತ್ತೆ ಅನ್ನೋದೊಂದು ಅನುಕೂಲ, ಸಿಎ ಹತ್ರ ಹೋಗೋವಾಗ ಅದನ್ನ ತಗೊಂಡು ಹೋಗಿ.

ವೇಗದ ದೋಷಕ್ಕೆ ಬರ್ತೀನಿ. ಕ್ಯಾಸಿನೋ ದೂರ ಇರೋದೇ ಒಂದು ಬೇಲಿ ಆಗಿತ್ತು ನನಗೆ, ಅದು ಬಿದ್ದೋಯ್ತು. ಮೂರನೇ ತಿಂಗಳಲ್ಲಿ ರಾತ್ರಿ ಎರಡಾದ್ರೂ ಲ್ಯಾಪ್‌ಟಾಪ್ ಮುಚ್ತಿರಲಿಲ್ಲ, ಮಗು ಮಲಗಿಸೋವಾಗಲೂ ಒಂದು ಕೈಯಲ್ಲಿ ಫೋನು. ಒಂದಿನ ನನ್ನ ಹೆಂಡತಿ ಜೋರಾಗೇನೂ ಅಲ್ಲ, ಮೆತ್ತಗೆ ಹೇಳಿದ್ಲು, "ರೀ, ಮುಂಚೆ ಹೋದ್ರೆ ಹೋಗಿದೀರ ಅಂತ ಗೊತ್ತಾಗೋದು, ಈಗ ಮನೇಲೇ ಇದ್ದೂ ಇಲ್ಲ ನೀವು." ಅವತ್ತೇ ಸೆಟ್ಟಿಂಗ್ಸಿಗೆ ಹೋಗಿ ವಾರಕ್ಕೆ ಐವತ್ತು ಡಾಲರ್‌ಗಿಂತ ಜಾಸ್ತಿ ಹಾಕೋಕೆ ಆಗದ ಹಾಗೆ, ದಿನಕ್ಕೆ ಎರಡು ಗಂಟೆ ದಾಟದ ಹಾಗೆ ಲಿಮಿಟ್ ಹಾಕಿದೆ, ಫೋನಿಂದ ಆಪ್ ತೆಗೆದೆ. ಲೈಸೆನ್ಸ್ ಇರೋ ಸೈಟಲ್ಲಿ ಇದು ಕಡ್ಡಾಯವಾಗಿ ಇರ್ಬೇಕು, ಲಿಮಿಟ್ ಕಮ್ಮಿ ಮಾಡಿದ್ರೆ ತಕ್ಷಣ ಆಗುತ್ತೆ, ಜಾಸ್ತಿ ಮಾಡೋಕೆ ಕಾಯ್ಬೇಕು, ಆ ವ್ಯತ್ಯಾಸ ಇಟ್ಟೋರಿಗೆ ಕೈ ಮುಗೀಬೇಕು. ಪೂರ್ತಿ ನಿಲ್ಲಿಸ್ಬೇಕು ಅನ್ನೋರಿಗೆ ರಾಜ್ಯದ ಪಟ್ಟೀಲಿ ಒಂದು ವರ್ಷ ಅಥವಾ ಐದು ವರ್ಷ ಹೆಸರು ಬರೆಸೋ ದಾರಿ ಇದೆ, 1-800-ಗ್ಯಾಂಬ್ಲರ್ ಅನ್ನೋ ನಂಬರಿಗೆ ಫೋನ್ ಮಾಡಿದ್ರೂ ಮಾತಾಡ್ತಾರೆ. ಸೇರೋ ದಿನವೇ ಲಿಮಿಟ್ ಹಾಕಿ, ನನ್ನ ಹಾಗೆ ಮೂರು ತಿಂಗಳು ಕಾಯ್ಬೇಡಿ.

ಹೋದ ತಿಂಗಳು ಹೆಂಡತಿ ಮಕ್ಕಳನ್ನೂ ಕರ್ಕೊಂಡು ಅಟ್ಲಾಂಟಿಕ್ ಸಿಟಿಗೆ ಹೋಗಿದ್ವಿ, ಅವರು ಬೀಚಲ್ಲಿ, ನಾನು ಮೂರು ಗಂಟೆ ಬೊರ್ಗಾಟಾದಲ್ಲಿ. ನೀಲಿ ಟೋಪಿ ಅಲ್ಲೇ ಇದ್ರು, ಎಲ್ಲೋಗಿದ್ದೆ ಮಾರಾಯ ಅನ್ನೋ ಥರ ಭುಜ ತಟ್ಟಿದ್ರು. ಅರ್ಧ ಗಂಟೇಲಿ ಸ್ಮಾಲ್ ಬ್ಲೈಂಡಲ್ಲಿ ನನಗೆ ರಾಜ-ಹತ್ತು ಬಂತು, ಒಬ್ಬ ಏರಿಸ್ದ, ನೀಲಿ ಟೋಪಿ ಕಾಲ್ ಮಾಡಿದ್ರು. ಎಲೆ ಕೈಯಲ್ಲಿ ಹಿಡಿದಾಗ ಆ ನುಣುಪು, ಬಿಡೋಕೆ ಮನಸ್ಸೇ ಬರಲ್ಲ ಗೊತ್ತಾ, ಆದ್ರೂ ಆಡದೆ ಎಲೆ ಮುಂದೆ ತಳ್ಳಿ ಆ ಕೈ ಬಿಟ್ಟುಬಿಟ್ಟೆ. ಟೇಬಲ್ ಮೇಲಿನ ಎಲೇಲಿ ರಾಜ ಬಿತ್ತು. ಏರಿಸಿದ್ದೋನು ಬೆಟ್ ಮಾಡ್ದ, ನೀಲಿ ಟೋಪಿ ಚಿಪ್ಪೆತ್ತಿದ್ರು, ಕಿಣಿಕಿಣಿ ಸದ್ದು ಕೇಳ್ತು. ಅವರ ಹತ್ರ ಎಕ್ಕ-ರಾಜ ಇತ್ತು, ಏರಿಸಿದ್ದೋನ ಹತ್ರ ರಾಜ-ಗುಲಾಮ. ಡೀಲರ್ ಪಾಟನ್ನ ಅವರ ಕಡೆ ತಳ್ಳೋವಾಗ ಅವರು ನನ್ನ ಮುಖ ನೋಡಿ, ನೀನೇನು ಬಿಟ್ಟೆ ಅಂತ ಕೇಳಿದ್ರು. ಹೇಳಿದೆ. ಒಂದು ಘಳಿಗೆ ಸುಮ್ಮನಿದ್ದು, ಮುಂಚೆ ನೀನು ಅದನ್ನ ಬಿಡ್ತಿರಲಿಲ್ಲ ಅಂದ್ರು.