ಆಂಟ್‌ಮೈನರ್ ಎಸ್9ಗೆ ಮೂರು ಪವರ್ ಸಪ್ಲೈ: ಹಾಕಿ ನೋಡಿದ್ದು

ಬಿಟ್‌ಕಾಯಿನ್ ಮೈನಿಂಗ್ ಮಾಡುವ ಹಳೇ ಎಸ್9 ಮಷೀನಿನಿಂದ ಈಗ ಕರೆಂಟ್ ಬಿಲ್ಲಿನ ದುಡ್ಡೂ ಹುಟ್ಟುವುದಿಲ್ಲ. ದಿನಕ್ಕೆ ಸುಮಾರು 32 ಯೂನಿಟ್ ಎಳೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಮೈನಿಂಗ್ ಮಾಡಿದವರಿಗೆ ಸಿಗುವ ಬ್ಲಾಕ್ ಬಹುಮಾನ 3.125 ಬಿಟ್‌ಕಾಯಿನ್‌ಗೆ ಇಳಿದ ಮೇಲಂತೂ ಲೆಕ್ಕ ಹಾಕುವುದೇ ಬೇಡ. ಆದರೆ ಮೈನಿಂಗ್ ಮಷೀನ್ ರಿಪೇರಿ ಕಲಿಯುವವರಿಗೆ ಇದು ಒಳ್ಳೇ ಮಷೀನ್. ಸೆಕೆಂಡ್ ಹ್ಯಾಂಡಲ್ಲಿ ತಂದ ನನ್ನದರಲ್ಲಿ, ಲೆಕ್ಕ ಮಾಡುವ ಚಿಪ್ಪುಗಳಿರುವ ಮೂರು ಬೋರ್ಡುಗಳ ಪೈಕಿ ಒಂದೇ ಬೋರ್ಡಿನ ಎಚ್‌ಡಬ್ಲ್ಯು (ಹಾರ್ಡ್‌ವೇರ್ ತಪ್ಪು) ಎಣಿಕೆ ಓಡುತ್ತಿತ್ತು, ಉಳಿದೆರಡರ ಎಣಿಕೆ ಸುಮ್ನಿತ್ತು. ಕೆಟ್ಟಿರುವುದು ಬೋರ್ಡಾ, ಪವರ್ ಸಪ್ಲೈಯಾ? ಅದಕ್ಕೇ ಮೂರು ಥರದ ಸಪ್ಲೈ ಬದಲಾಯಿಸಿ ನೋಡಿದೆ.

ಚಿಪ್ ಕೊಟ್ಟ ಉತ್ತರವನ್ನು ಮಷೀನ್ ಮತ್ತೆ ಪರೀಕ್ಷಿಸುತ್ತದೆ. ತಪ್ಪು ಬಂದರೆ ಎಚ್‌ಡಬ್ಲ್ಯು ಒಂದು ಏರುತ್ತದೆ. ಆನ್ ಮಾಡಿದಾಗಿನಿಂದ ಇದು ಕೂಡುತ್ತಲೇ ಹೋಗುವುದರಿಂದ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಡಿ, ಎಷ್ಟು ಬೇಗ ಏರುತ್ತಿದೆ ಅನ್ನೋದನ್ನು ನೋಡಿ.

ಮೊದಲು ಕಂಪ್ಯೂಟರಿನ ಎಟಿಎಕ್ಸ್ ಸಪ್ಲೈ. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಆನ್ ಆಗುತ್ತದೆ, ಅಷ್ಟೇ ಅದರ ಸುಖ. ಎಸ್9ಗೆ ಹತ್ತು ಆರು-ಪಿನ್ ಪ್ಲಗ್ ಬೇಕು: ಪ್ರತಿ ಬೋರ್ಡಿಗೆ ಮೂರು, ಕಂಟ್ರೋಲ್ ಬೋರ್ಡಿಗೆ ಒಂದು. ಅಷ್ಟು ಪ್ಲಗ್ ಇಲ್ಲದೆ, ಒಂದು ಪ್ಲಗ್ಗನ್ನು ಎರಡು ಮಾಡುವ ಸ್ಪ್ಲಿಟರ್ ಹಾಕಬೇಕಾಯ್ತು. ಬೋರ್ಡಿನ ಒಂದೊಂದು ಪ್ಲಗ್ಗಿನಲ್ಲೂ ಹತ್ತು ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತದೆ. ಸ್ಪ್ಲಿಟರಿನ ಬಿಳಿ ಪ್ಲಾಸ್ಟಿಕ್ ಹಳದಿ ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತು. ಪ್ಲಗ್ಗಿನ ಹಿಂದಿನಿಂದ ಮೀಟರ್ ಮುಳ್ಳು ತೂರಿಸಿ ನೋಡಿದರೆ 11.4 ವೋಲ್ಟ್. ಎಸ್9 ಕೇಳುವುದು ಕನಿಷ್ಠ 11.6. ಆಗ ಚೆನ್ನಾಗಿದ್ದ ಬೋರ್ಡುಗಳೂ ತಪ್ಪು ತೋರಿಸತೊಡಗಿದವು. ಇದನ್ನು ನಂಬಿ ಯಾವ ಬೋರ್ಡನ್ನೂ ಕೆಟ್ಟದ್ದು ಅನ್ನಬೇಡಿ.

ಎಸ್9 ತಯಾರಿಸಿದ ಬಿಟ್‌ಮೈನ್‌ನದೇ ಸಪ್ಲೈ ಎಪಿಡಬ್ಲ್ಯು3 ಪ್ಲಸ್ ಪ್ಲಸ್ ದಿನನಿತ್ಯದ ಓಟಕ್ಕೆ ಸರಿ. ಹತ್ತು ಪ್ಲಗ್ಗೂ ಅದರಲ್ಲೇ ಇವೆ. 220 ವೋಲ್ಟಿನಲ್ಲಿ 1600 ವ್ಯಾಟ್ ಕೊಡುತ್ತದೆ, 110ರಲ್ಲಿ ಬರೀ 1200. ಅಮೆರಿಕದ ಮನೆ ಪ್ಲಗ್ಗಿನಲ್ಲಿ ಎಸ್9 ಪೂರ್ತಿ ಓಡಿಸಲು ಆಗದಿರುವುದು ಇದಕ್ಕೇ. ನಮ್ಮ 230 ವೋಲ್ಟಿಗೆ ಆ ತಕರಾರಿಲ್ಲ, ದೊಡ್ಡ 16 ಆಂಪಿಯರ್ ಪಾಯಿಂಟ್ ಇದ್ದರೆ ಸಾಕು. ಲೋಡ್ ಬಿದ್ದಾಗಲೂ ಮೀಟರ್ 12ರ ಆಸುಪಾಸಲ್ಲೇ ನಿಂತಿತು. ಆದರೆ ಮೂರೂ ಬೋರ್ಡಿಗೆ ಒಂದೇ ಮೂಲ. ಅನುಮಾನದ ಬೋರ್ಡಿಗೆ ಮಾತ್ರ ಬೇರೆ ಕರೆಂಟ್ ಕೊಟ್ಟು ನೋಡೋಣ ಅಂದರೆ ಇದೊಂದರಿಂದ ಆಗುವುದಿಲ್ಲ.

ಅಲ್ಲಿಗೆ ಬಂದಿದ್ದು ಎಚ್‌ಪಿಯ ಹಳೇ 1200 ವ್ಯಾಟ್ ಸರ್ವರ್ ಸಪ್ಲೈ, ಜೊತೆಗೆ ಅದರ ಕರೆಂಟನ್ನು ಆರು-ಪಿನ್ ಪ್ಲಗ್ಗುಗಳಿಗೆ ಹಂಚುವ ಒಂದು ಬ್ರೇಕ್‌ಔಟ್ ಬೋರ್ಡ್. ನನಗೆ ಹೆಚ್ಚು ಹಿಡಿಸಿದ್ದು ಇದೇ. 230 ವೋಲ್ಟಿನಲ್ಲಿ 12 ವೋಲ್ಟಿಗೆ 100 ಆಂಪಿಯರ್ ಕೊಡುತ್ತದೆ. ಪೂರ್ತಿ ಎಸ್9ಗೆ ಸ್ವಲ್ಪ ಕಮ್ಮಿ, ಒಂದು ಬೋರ್ಡಿಗೆ ಬೇಕಾದಷ್ಟು. ಅನುಮಾನದ ಬೋರ್ಡಿಗೆ ಇದನ್ನು ಹಾಕಿ, ಉಳಿದೆಲ್ಲವನ್ನು ಎಪಿಡಬ್ಲ್ಯು3ಗೇ ಬಿಟ್ಟೆ. ಎರಡು ಸಪ್ಲೈ ಹಾಕುವವರು ಎರಡು ವಿಷಯ ಮರೆಯಬಾರದು. ಒಂದೇ ಬೋರ್ಡಿನ ಮೂರು ಪ್ಲಗ್ಗೂ ಒಂದೇ ಸಪ್ಲೈಯಿಂದ ಬರಬೇಕು. ಕಂಟ್ರೋಲ್ ಬೋರ್ಡಿಗೆ ಕರೆಂಟ್ ಕೊಡುವ ಸಪ್ಲೈಯನ್ನು ಕೊನೆಗೆ ಆನ್ ಮಾಡಬೇಕು.

ವೋಲ್ಟೇಜ್ ಕದಲಲಿಲ್ಲ, ಎಚ್‌ಡಬ್ಲ್ಯು ಏರುವುದೂ ನಿಲ್ಲಲಿಲ್ಲ. ಅಂದರೆ ಸಪ್ಲೈ ಮೇಲಿನ ಆರೋಪ ಹೋಯ್ತು, ಅಲ್ವಾ? ಕರೆಂಟ್ ತೆಗೆದು, ಆ ಬೋರ್ಡಿನ ರಿಬ್ಬನ್ ಕೇಬಲನ್ನೂ ಪೋರ್ಟನ್ನೂ ಪಕ್ಕದ್ದಕ್ಕೆ ಅದಲುಬದಲು ಮಾಡಿದೆ. ತಪ್ಪು ಬೋರ್ಡಿನ ಹಿಂದೆಯೇ ಹೋಯ್ತು. ಮಷೀನ್ ತಾನೇ ಬರೆದಿಡುವ ಕರ್ನಲ್ ಲಾಗ್‌ನಲ್ಲಿ ಆ ಬೋರ್ಡಿನ 63 ಚಿಪ್ಪೂ ಸಿಕ್ಕಿದ್ದವು, ಹಾಗಾಗಿ ಯಾವ ಚಿಪ್ಪೂ ಪೂರ್ತಿ ಸತ್ತಿಲ್ಲ. ಮೈನಿಂಗ್ ಮಷೀನಿಗೆ ಹಾಕುವ ಬೇರೆ ಸಾಫ್ಟ್‌ವೇರ್ ಆದ ಬ್ರೇನ್ಸ್ ಓಎಸ್ ಹಾಕಿ ಆ ಬೋರ್ಡಿನ ಫ್ರೀಕ್ವೆನ್ಸಿ ಇಳಿಸಿದಾಗ ತಪ್ಪುಗಳು ತೀರಾ ಕಮ್ಮಿಯಾದವು.

ಈ ಸರ್ವರ್ ಸಪ್ಲೈ ಕೊಳ್ಳುವಾಗ ಬ್ರೇಕ್‌ಔಟ್ ಬೋರ್ಡಿಗೆ ಬರುವ ಕೇಬಲ್ ಮೇಲೆ ಬರೆದಿರುವುದನ್ನು ಓದಿ. 16 ಗೇಜ್ ಇದ್ದರೆ ತಗೊಳ್ಳಿ, 18 ಆದರೆ ಬೇರೆ ಕೇಳಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು.