ಮೈಕಾ ಹಲಗೆಗೆ ಕಾರ್ಬೈಡ್ ಬಿಟ್ ಸೆಟ್: ಎರಡು ವರ್ಷ ಬಳಸಿದ ಮೇಲೆ

ಅಡುಗೆಮನೆ ಕ್ಯಾಬಿನೆಟ್, ವಾರ್ಡ್‌ರೋಬ್ ಮಾಡುವವರಿಗೆ 35 ಮಿ.ಮೀ. ತೂತು ದಿನನಿತ್ಯದ್ದು. ಆಟೋ ಹಿಂಜಿನ (ಬಾಗಿಲನ್ನು ತಾನೇ ಎಳೆದು ಮುಚ್ಚುವ ಒಳಗಿನ ಕೀಲು) ಬಟ್ಟಲು ಕೂರುವುದು ಅದರಲ್ಲೇ. ಈ ಕೆಲಸಕ್ಕೆಂದೇ 15ರಿಂದ 35 ಮಿ.ಮೀ.ವರೆಗಿನ ಐದು ಕಾರ್ಬೈಡ್ ಡ್ರಿಲ್ ಬಿಟ್‌ಗಳ ಸೆಟ್ ತಗೊಂಡೆ. ಮೊದಲು ಬಳಸುತ್ತಿದ್ದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಮೈಕಾಕ್ಕೆ, ಅಂದರೆ ಪ್ಲೈವುಡ್ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆಗೆ, ಬೇಗ ಮೊಂಡಾಗುತ್ತಿತ್ತು. ಆಮೇಲೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ಹೊಗೆ, ಸುಟ್ಟ ವಾಸನೆ, ತೂತಿನ ಸುತ್ತ ಕಪ್ಪು ಕಲೆ.

ಮೈಕಾ ದಪ್ಪ ಸಾಮಾನ್ಯವಾಗಿ 1 ಮಿ.ಮೀ. ಅಷ್ಟೇ. ಆದರೆ ಮೇಲ್ಪದರದ ಮೆಲಮೈನ್ ಗಾಜಿನಷ್ಟು ಪೆಡಸು, ಚಕ್ಕೆ ಎದ್ದರೆ ತೇಪೆ ಹಾಕಿ ಮುಚ್ಚಲಾಗದು. ಕಾರ್ಬೈಡ್ ಬಿಟ್‌ನ ಗುಣ ಇರುವುದು ಹೊರಗಿನ ಎರಡು ಮೊನೆಗಳಲ್ಲಿ. ಅವು ಮೊದಲು ವೃತ್ತ ಗೀರಿ ಮೈಕಾ ಕತ್ತರಿಸುತ್ತವೆ, ಒಳಗಿನ ಅಲಗು ಆಮೇಲೆ ಪ್ಲೈವುಡ್ ಎತ್ತುತ್ತದೆ. ಬಾಗಿಲಿನ ಅಂಚಿನಿಂದ 22.5 ಮಿ.ಮೀ.ಗೆ ತೂತಿನ ನಡುವಿನ ಗುರುತು ಹಾಕಿ, ಕಡಿಮೆ ವೇಗದಲ್ಲಿ, ಡ್ರಿಲ್ ವಾಲದಂತೆ ನೇರ ಹಿಡಿದರೆ ತೂತಿನ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ನೀಟು. 35ರ ಬಿಟ್ ಇವತ್ತಿಗೂ ಹಾಗೇ ಕೊರೆಯುತ್ತಿದೆ.

ಹಲಗೆಯ ಆಚೆ ಬದಿಗೂ ಹೋಗುವ ತೂತಿಗೆ ಮಾತ್ರ ಬಿಟ್ ಒಂದೇ ಸಾಲದು. ಹಿಂದಿನ ಮೈಕಾ ಸಿಡಿಯುವುದು ಬಿಟ್ ಹೊರಬರುವಾಗ. ಹಿಂದೆ ಒಂದು ರದ್ದಿ ಹಲಗೆ ಇಟ್ಟು ಕ್ಲ್ಯಾಂಪ್ ಬಿಗಿಯಬೇಕು. ಇಲ್ಲವೇ ನಡುಮೊಳೆ (ಬಿಟ್‌ನ ನಡುವಿನ ಚೂಪು ತುದಿ) ಆ ಕಡೆ ಇಣುಕಿದ ಕೂಡಲೇ ಹಲಗೆ ತಿರುಗಿಸಿ ಅಲ್ಲಿಂದ ಕೊರೆಯಬೇಕು. ಅಂಟುಪಟ್ಟಿ ಹಾಕಿದರೆ ಸಾಕು ಅನ್ನುವವರಿದ್ದಾರೆ, ನನಗಂತೂ ಅದರಿಂದ ಗುರುತು ಚೆನ್ನಾಗಿ ಕಂಡದ್ದಷ್ಟೇ ಲಾಭ.

ದೂರುಗಳೂ ಇವೆ. ನಡುಮೊಳೆ ಅಗತ್ಯಕ್ಕಿಂತ ಉದ್ದ. 18 ಮಿ.ಮೀ. ಪ್ಲೈಗೆ ತೊಂದರೆಯಿಲ್ಲ, ತೆಳುವಾದ ಬಾಗಿಲಲ್ಲಿ ಮುಂದಿನ ಮೈಕಾ ಗುಬುಟು ಏಳುತ್ತದೆ; ತುದಿ ಗ್ರೈಂಡ್ ಮಾಡಿಸಿಕೊಳ್ಳಿ. ಆಳ ನಿಲ್ಲಿಸುವ ಕಾಲರ್ ಕೊಟ್ಟಿಲ್ಲ. ಕಾರ್ಬೈಡ್ ಗಟ್ಟಿಯಾದರೂ ಪೆಟ್ಟು ತಡೆಯದು: ಒಳಗೆ ಹುದುಗಿದ್ದ ಪಿನ್ನಿಗೆ ತಾಗಿ 25ರ ಒಂದು ಮೊನೆ ಹಾರಿಹೋಯಿತು. ಅಕ್ರಿಲಿಕ್ ಶೀಟಿಗೆ ಬಳಸುವುದಾದರೆ ನಿಲ್ಲಿಸಿ ನಿಲ್ಲಿಸಿ ಕೊರೆಯಿರಿ, ಬಿಸಿಗೆ ಕರಗಿ ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ.

ನಾನು ಎಣಿಸದೇ ಸಿಕ್ಕ ಉಪಯೋಗ 15ರ ಬಿಟ್‌ನದು. ಟಿವಿ ಯೂನಿಟ್ಟಿನಲ್ಲಿ ವೈರಿಗೆ ಚೌಕ ಕಿಂಡಿ ಬೇಕಾದಾಗ ನಾಲ್ಕೂ ಮೂಲೆಗೆ ಅದರಲ್ಲಿ ತೂತು ಹಾಕಿ, ನಡುವೆ ಜಿಗ್‌ಸಾ ಗರಗಸ ಓಡಿಸುತ್ತೇನೆ, ಹಲ್ಲು ಕೆಳಮುಖವಾಗಿರುವ ಬ್ಲೇಡ್ ಹಾಕಿ. ಮೂಲೆ ಚೂಪಾಗಿ ಉಳಿದರೆ ಮೈಕಾ ಬಿರುಕು ಶುರುವಾಗುವುದೇ ಅಲ್ಲಿಂದ.

ಮತ್ತೆ ಕೊಳ್ಳುವುದಾದರೆ ಸೆಟ್ ಬೇಡ. 35 ಮತ್ತು 15 ಬಿಡಿಯಾಗಿ ಸಿಗುತ್ತವೆ. 30ರದ್ದು ನನ್ನ ಬಳಿ ಇನ್ನೂ ಕವರಿನಲ್ಲೇ ಇದೆ.