ಹಾಸ್ಪೈಸ್ ರಿವ್ಯೂ: ಐದಕ್ಕೆ ನಾಲ್ಕು ಸ್ಟಾರ್, ಅದರಲ್ಲಿ ಎರಡು ಸ್ಟಾರ್ ಲಿಂಗದ ಕರಡಿಗೆಯನ್ನು ಮುಟ್ಟುವ ಮೊದಲು ಕೇಳಿದ್ದಕ್ಕೆ

ಅವ್ವ ಕೊನೆಯ 19 ದಿನ ಇದ್ದ ಬೆಂಗಳೂರಿನ ಒಂದು ಸಣ್ಣ ಹಾಸ್ಪೈಸ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಹೊಗಳಿಕೆ ಜೊತೆ ದೂರೂ ಇದೆ, ಅಲ್ಲಿರುವುದು ಬೆರಳೆಣಿಕೆಯ ಜನ, ಯಾರ ಬಗ್ಗೆ ಅಂತ ಗೊತ್ತಾಗಿಬಿಡುತ್ತದೆ.

ಹಾಸ್ಪೈಸ್ ಅಂದರೇನು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಇನ್ನು ಕಾಯಿಲೆ ವಾಸಿಯಾಗಲ್ಲ ಅಂತಾದ ಮೇಲೆ ನೋವು, ಉಸಿರು, ಗಾಯ, ನಿದ್ದೆ ಇವನ್ನು ನೋಡಿಕೊಳ್ಳುವ ಜಾಗ. ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 1986ರಲ್ಲಿ, ಮುಂಬೈನ ಶಾಂತಿ ಅವೇದನಾ ಸದನದಿಂದ. ಬೆಂಗಳೂರಿನವರಿಗೆ ಕರುಣಾಶ್ರಯ ಗೊತ್ತಿರಬಹುದು, 1999ರಿಂದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ನಾವು ಹೋಗಿದ್ದು ಅಲ್ಲಿಗಲ್ಲ.

ಅದಕ್ಕೂ ಮೊದಲು ಅವ್ವ ಇದ್ದದ್ದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ಲಾಬಿಯಲ್ಲಿ ಆಳೆತ್ತರದ ಗಣಪತಿ, ಪಕ್ಕದಲ್ಲಿ ಎಲ್ಲ ಧರ್ಮದವರಿಗೂ ಅಂತ ಬೋರ್ಡ್ ಹಾಕಿದ ಎಸಿ ಪ್ರಾರ್ಥನಾ ಕೋಣೆ. ಅಲ್ಲೇ ಸಿಟಿ ಸ್ಕ್ಯಾನ್ ಮಾಡಿಸುವಾಗ "ಅಮ್ಮಾ, ಒಡವೆ ಎಲ್ಲ ಬಿಚ್ಚಿ" ಅಂದರು. ಅವ್ವ ಬಳೆ ತೆಗೆದಳು, ಮೂಗುತಿ ತೆಗೆದಳು. ಕೊರಳಲ್ಲಿದ್ದ ಕರಡಿಗೆಗೆ ಕೈ ಹಾಕಿದಾಗ ಮಾತ್ರ ಬಿಗಿಯಾಗಿ ಹಿಡಿದುಕೊಂಡಳು. "ಅದು ಒಡವಿ ಅಲ್ಲೋ ಯಪ್ಪಾ, ಲಿಂಗ ಐತಿ." ಗೊತ್ತಿಲ್ಲದವರಿಗೆ ಹೇಳುವುದಾದರೆ, ಇಷ್ಟಲಿಂಗ ಇರುವ ಬೆಳ್ಳಿ ಕರಡಿಗೆ ಅದು, ದೀಕ್ಷೆ ಆದಂದಿನಿಂದ ಮೈಮೇಲಿಂದ ಇಳಿಸುವಂತಿಲ್ಲ. ಸ್ಕ್ಯಾನಿಗೆ ಲೋಹ ತೆಗೆಯಲೇಬೇಕು, ಅದು ನನಗೂ ಅರ್ಥವಾಗುತ್ತದೆ. ಆದರೆ ಬಿಚ್ಚಿದ್ದನ್ನು ಎಲ್ಲಿಟ್ಟರು ಗೊತ್ತಾ? ಅವಳ ಚಪ್ಪಲಿ ಇದ್ದ ಪ್ಲಾಸ್ಟಿಕ್ ಕವರಿನಲ್ಲಿ. ಅವತ್ತು ರಾತ್ರಿವರೆಗೂ ಅವ್ವ ಊಟ ಮಾಡಲಿಲ್ಲ. ಫೈಲಿನಲ್ಲಿ "ಹಸಿವಿಲ್ಲ" ಅಂತ ಬರೆದುಕೊಂಡರು.

ಹಾಸ್ಪೈಸಿನಲ್ಲಿ ಮೊದಲ ದಿನ ಅವಳನ್ನು ನೋಡಿಕೊಂಡವರು ಮಂಗಳೂರು ಕಡೆಯ ಕ್ಯಾಥೊಲಿಕ್ ಸಿಸ್ಟರ್. ಬಟ್ಟೆ ಬದಲಿಸುವಾಗ ಕರಡಿಗೆ ಕಂಡು ಕೈ ಹಿಂದೆ ತೆಗೆದುಕೊಂಡರು. "ಅಜ್ಜಿ, ಇದು ಎಂತ? ನಾನು ಮುಟ್ಟಬಹುದಾ?" ಹಾವೇರಿ ಕಡೆಯ ನಮ್ಮವ್ವನಿಗೆ ಆ ಎಂತ ಕೇಳಿಯೇ ನಗು. ಆಮೇಲೆ ಅರ್ಧ ಗಂಟೆ ಪಾಠ ಆಯ್ತು. ಶಿವದಾರ ಯಾಕೆ, ಯಾವ ಕೈಯಲ್ಲಿ ಇಟ್ಟು ಪೂಜೆ ಮಾಡುವುದು, ವಿಭೂತಿ ಹೇಗೆ ಹಚ್ಚುವುದು, ಎಲ್ಲ. ಸಿಸ್ಟರ್ ಫೈಲ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು: ಕರಡಿಗೆ ತೆಗೆಯಬಾರದು, ತೆಗೆಯಲೇಬೇಕಾದರೆ ಅವರ ಕೈಗೇ ಕೊಡಬೇಕು.

ಆ ಫೈಲಿನಲ್ಲಿ ಇದಕ್ಕೇ ಅಂತ ಒಂದು ಹಾಳೆ ಇದೆ. ಯಾವುದನ್ನು ನಂಬುತ್ತೀರಿ, ಅದು ನಿಮಗೆ ಎಷ್ಟು ಮುಖ್ಯ, ನಿಮ್ಮವರು ಅಂತ ಯಾರಿದ್ದಾರೆ, ನಾವು ಏನು ಮಾಡಬೇಕು, ಇಷ್ಟೇ ಪ್ರಶ್ನೆ. ಕ್ರಿಸ್ಟಿನಾ ಪುಚಾಲ್ಸ್ಕಿ ಅಂತ ಅಮೆರಿಕದ ಡಾಕ್ಟರ್ ಮಾಡಿದ್ದು, ಫೈಕಾ ಅಂತಾರೆ ಅಂತ ಸಿಸ್ಟರೇ ಹೇಳಿದರು. ದೇವರನ್ನು ನಂಬದವರಿಗೂ ಇದೇ ಹಾಳೆಯಂತೆ. ಮೂರನೇ ಬೆಡ್ಡಿನ ರಿಟೈರ್ಡ್ ಮೇಷ್ಟ್ರು ಮೊದಲ ಪ್ರಶ್ನೆಗೆ "ದಿನಾ ಪೇಪರ್ ಓದಬೇಕು" ಅಂತ ಬರೆಸಿದ್ದರು. ಅವರಿಗೆ ಬೆಳಗ್ಗೆ ಕಾಫಿಗಿಂತ ಮುಂಚೆ ಪೇಪರ್ ಬರುತ್ತಿತ್ತು.

ಹಾಳೆ ತುಂಬಿಸುವುದು ಸುಲಭ ಬಿಡಿ. ನಾನು ಉಳಿದ ಎರಡು ಸ್ಟಾರ್ ಕೊಟ್ಟದ್ದು ಆಮೇಲೆ ಆದದ್ದಕ್ಕೆ.

ಅವ್ವನಿಗೆ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ. ಬೆಳಗ್ಗೆ ಆರರದ್ದು ಮೊದಲನೆಯದು. ಇವಳು ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕದವಳು, ಮಾತ್ರೆ ಎಲ್ಲಿ ನುಂಗುತ್ತಾಳೆ? ದೊಡ್ಡ ಆಸ್ಪತ್ರೆಯಲ್ಲಿ ದಿನಾ ಇದೇ ಜಗಳ. ಪೂಜೆ ಮುಗಿಯುವಷ್ಟರಲ್ಲಿ ಒಂಬತ್ತಾಗುತ್ತಿತ್ತು, ಅಷ್ಟೊತ್ತಿಗೆ ನೋವು ಏರಿ ಅಳುತ್ತಿದ್ದಳು, ನಾವೆಲ್ಲ ಸೇರಿ ಅವಳಿಗೇ ಬೈಯುತ್ತಿದ್ದೆವು. ನಾನೂ ಬೈದಿದ್ದೇನೆ. ಇಲ್ಲಿ ಸಿಸ್ಟರ್ ಕೇಳಿದ್ದು ಒಂದೇ ಮಾತು, "ಊರಲ್ಲಿ ಎಷ್ಟು ಗಂಟೆಗೆ ಏಳ್ತಿದ್ರಿ ಅಜ್ಜಿ?" ಐದಕ್ಕೆ. ಮರುದಿನದಿಂದ ನೈಟ್ ಶಿಫ್ಟಿನವರು ಐದಕ್ಕೆ ಮೈ ಒರೆಸಿ, ಐದೂವರೆಗೆ ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ಇಟ್ಟು, ಹಾಸಿಗೆ ಎತ್ತರಿಸಿ ಕೂರಿಸಿ ಹೋಗುತ್ತಿದ್ದರು. ಆರಕ್ಕೆ ಮಾತ್ರೆ. ಜಗಳ ಮುಗೀತು. ನೈಟ್ ಶಿಫ್ಟಿನವರಿಗೆ ಇದು ದಿನಾ ಮುಕ್ಕಾಲು ಗಂಟೆ ಜಾಸ್ತಿ ಕೆಲಸ. ರೋಗಿಯ ಆರೈಕೆಯಲ್ಲಿ ಅಧ್ಯಾತ್ಮ ಅಂತ ಸೆಮಿನಾರಿನಲ್ಲಿ ಏನೇನೋ ಹೇಳುತ್ತಾರಲ್ಲ, ನಾನು ಕಣ್ಣಾರೆ ಕಂಡದ್ದು ಆ ಮುಕ್ಕಾಲು ಗಂಟೆ.

ಎಲ್ಲದಕ್ಕೂ ಹೂಂ ಅಂದರು ಅಂತಲೂ ಅಲ್ಲ. ಪಕ್ಕದಲ್ಲಿ ಆಕ್ಸಿಜನ್ ಓಡುತ್ತಿತ್ತು, ಹಾಗಾಗಿ ದೀಪ, ಊದುಬತ್ತಿ, ಕರ್ಪೂರ ಯಾವುದೂ ಆಗಲ್ಲ ಅಂತ ಖಡಾಖಂಡಿತವಾಗಿ ಹೇಳಿದರು, ಬೆಂಕಿ ಹತ್ತಿದರೆ ಕ್ಷಣದಲ್ಲಿ ಹಬ್ಬುತ್ತದೆ ಅಂತ ಕಾರಣವನ್ನೂ ಹೇಳಿದರು. ಬ್ಯಾಟರಿ ದೀಪ ತಂದುಕೊಟ್ಟೆ. "ಸೆಲ್ಲಿನ ದೀಪಕ್ಕ ಶಿವಾ ಬರ್ತಾನೇನೋ?" ಅಂದಳು ಅವ್ವ. ಎರಡನೇ ದಿನ ಸ್ವಿಚ್ ಅವಳೇ ಒತ್ತುತ್ತಿದ್ದಳು.

ಇನ್ನೊಂದು ಸಂಗತಿ. ಹತ್ತನೇ ದಿನ ಇರಬೇಕು, ರಾತ್ರಿ ಪದೇ ಪದೇ ಬೆಲ್ ಒತ್ತಿ "ಎದಿ ಭಾರ ಆಗೇತಿ" ಅನ್ನುತ್ತಿದ್ದಳು. ಡಾಕ್ಟರ್ ಬಂದು ನೋಡಿದರು, ಆಕ್ಸಿಜನ್ ಸರಿ ಇದೆ, ನಾಡಿ ಸರಿ ಇದೆ. ಸಿಸ್ಟರ್ ಸ್ಟೂಲ್ ಎಳೆದುಕೊಂಡು ಕೂತರು. ಏನೂ ಕೇಳಲಿಲ್ಲ, ಸುಮ್ನೆ ಕಾಲು ಒತ್ತುತ್ತಾ ಕೂತರು. ಕೊನೆಗೆ ಹೊರಗೆ ಬಂತು: ಎರಡು ಎಕರೆ ಹೊಲದ ವಿಷಯಕ್ಕೆ ತಂಗಿ ಜೊತೆ ಹನ್ನೊಂದು ವರ್ಷದಿಂದ ಮಾತಿಲ್ಲ. ಮಗನಾದ ನನಗೆ ಈ ಜಗಳ ಗೊತ್ತಿತ್ತು, ಅದು ಅವಳ ಎದೆ ಮೇಲೆ ಕೂತಿದೆ ಅಂತ ಗೊತ್ತಿರಲಿಲ್ಲ. ಆ ಹಾಸ್ಪೈಸಿನ ಕಾರಿಡಾರಿನಲ್ಲಿ ಸಿಸಿಲಿ ಸಾಂಡರ್ಸ್ ಫೋಟೊ ಇದೆ. ನರ್ಸ್ ಆಗಿದ್ದು, ಆಮೇಲೆ ಡಾಕ್ಟರಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದವರು. ನೋವು ಮೈಯದ್ದಷ್ಟೇ ಅಲ್ಲ, ಮನಸ್ಸಿನದ್ದು, ಮನೆಮಂದಿಯದ್ದು, ನಂಬಿಕೆಯದ್ದು ಎಲ್ಲ ಸೇರಿ ಒಂದೇ ನೋವು ಅಂದವರು. ಅಲ್ಲಿವರೆಗೆ ನಾನು ಆ ಫೋಟೊ ಕೆಳಗೆ ಫೋನ್ ಚಾರ್ಜ್ ಹಾಕುತ್ತಿದ್ದೆ, ಅಷ್ಟೇ.

ಚಿಕ್ಕವ್ವ ರಾಣೆಬೆನ್ನೂರಿನಿಂದ ರಾತ್ರಿ ಬಸ್ ಹತ್ತಿ ಬಂದಳು. ಅಳು, ಕ್ಷಮೆ ಅಂತೆಲ್ಲ ಕಾದು ನಿಂತಿದ್ದೆ. ಇಬ್ಬರೂ ಒಂದು ತಾಸು ಬ್ಯಾಡಗಿ ಮೆಣಸಿನಕಾಯಿ ರೇಟಿನ ಬಗ್ಗೆ ಮಾತಾಡಿದರು. ಹೊಲದ ಸುದ್ದಿ ಇಬ್ಬರೂ ಎತ್ತಲಿಲ್ಲ. ಪವಾಡ ಅಂದುಕೊಳ್ಳಬೇಡಿ, ಮಾರ್ಫಿನ್ ಏನೂ ಕಮ್ಮಿ ಮಾಡಲು ಆಗಲಿಲ್ಲ. ರಾತ್ರಿ ಬೆಲ್ ಒತ್ತುವುದು ಮಾತ್ರ ನಿಂತಿತು.

ಈಗ ಒಂದು ಸ್ಟಾರ್ ಕಡಿತಕ್ಕೆ ಕಾರಣ.

ವಾರಕ್ಕೆರಡು ಸಲ ಒಬ್ಬ ಸ್ವಯಂಸೇವಕರು ಬರುತ್ತಾರೆ, ಬಿಳಿ ಜುಬ್ಬಾ, ಮೆತ್ತಗಿನ ದನಿ. ಅವ್ವನ ಪಕ್ಕದ ಬೆಡ್ಡಿನ ಹುಡುಗಿಗೆ, ಮೂವತ್ತೂ ಆಗಿರಲಿಕ್ಕಿಲ್ಲ, "ಹಿಂದಿನ ಜನ್ಮದ ಕರ್ಮ ತೀರಿಸಿಕೊಳ್ಳುತ್ತಿದ್ದೀಯಮ್ಮ, ಬೇಜಾರು ಮಾಡ್ಕೋಬೇಡ" ಅಂದರು. ಆ ಹುಡುಗಿ ಗೋಡೆ ಕಡೆ ತಿರುಗಿ ಮಲಗಿದವಳು ಮರುದಿನದವರೆಗೆ ಈ ಕಡೆ ತಿರುಗಲಿಲ್ಲ. ಇದನ್ನು ಸಮಾಧಾನ ಅಂತ ಕರೆಯಬೇಕಾ? ದೂರು ಕೊಟ್ಟೆ. ಅವರನ್ನು ವಾರ್ಡಿಗೆ ಬಿಡುವುದು ನಿಲ್ಲಿಸುತ್ತೇವೆ ಅಂದರು, ಆದರೆ ಮುಂದಿನ ವಾರವೂ ಕಂಡರು. ಇನ್ನೊಂದು, ಬೆಳಗ್ಗೆ ಆರೂವರೆಗೆ ಸ್ಪೀಕರಿನಲ್ಲಿ ಸುಪ್ರಭಾತ ಹಾಕುತ್ತಾರೆ. ಎದುರಿನ ಬೆಡ್ಡಿನ ಮುಸ್ಲಿಂ ಸಾಹೇಬರು ನಕ್ಕು ಸುಮ್ಮನಿರುತ್ತಿದ್ದರು, ಅವರ ಮಗ ನಗುತ್ತಿರಲಿಲ್ಲ. ಬೆಡ್ಡಿಗೊಂದು ಹಾಳೆ ಇಟ್ಟುಕೊಂಡು ಎಲ್ಲರಿಗೂ ಒಂದೇ ಸ್ಪೀಕರ್ ಯಾಕೆ?

ರಾತ್ರಿ ಹನ್ನೆರಡು ಬೆಡ್ಡಿಗೆ ಇಬ್ಬರೇ ಸಿಸ್ಟರ್. ಒಂದೇ ಹೊತ್ತಿಗೆ ಇಬ್ಬರಿಗೆ ವಾಂತಿಯಾದರೆ ಮೂರನೆಯವರು ಕಾಯಬೇಕು. ಆ ಸಿಸ್ಟರ್‌ಗಳ ಎದೆ ಭಾರ ಯಾರು ಕೇಳುತ್ತಾರೋ, ಅವರಿಗೆ ಅಂತ ಹಾಳೆ ಇದ್ದದ್ದು ನಾನು ನೋಡಲಿಲ್ಲ. ಊಟ ಪರವಾಗಿಲ್ಲ, ಸಪ್ಪೆ. ಪಾರ್ಕಿಂಗ್ ಇಲ್ಲ.

ಕೊನೆಯ ಎರಡು ದಿನ ಅವ್ವನಿಗೆ ನುಂಗಲು ಆಗುತ್ತಿರಲಿಲ್ಲ. ಪೂಜೆಯ ನೀರು ಬೇಕು ಅಂತ ಕಣ್ಣಲ್ಲೇ ಕೇಳುತ್ತಿದ್ದಳು. ಚಮಚದಲ್ಲಿ ಕೊಟ್ಟರೆ ಉಸಿರಿಗೆ ಹೋಗಬಹುದು. ಸಿಸ್ಟರ್ ಲಿಂಗವನ್ನು ಅವ್ವನ ಎಡಗೈಯಲ್ಲಿಟ್ಟರು, ನಾನು ಹನಿ ಹನಿ ನೀರು ಬಿಟ್ಟೆ, ಆ ನೀರಲ್ಲಿ ಸಿಸ್ಟರ್ ಹತ್ತಿ ಅದ್ದಿ ತುಟಿಗೆ, ನಾಲಿಗೆಗೆ ಒತ್ತಿದರು. ಒಣಗಿದ ಬಾಯಿಗೆ ಎರಡು ಗಂಟೆಗೊಮ್ಮೆ ಹೇಗೂ ಮಾಡುವ ಕೆಲಸವೇ ಅದು, ನೀರು ಮಾತ್ರ ಬೇರೆ. ತೀರಿಕೊಂಡ ಮೇಲೆ ಮೈ ಒರೆಸುವಾಗ ಅವರು ನನ್ನನ್ನು ಏನೂ ಕೇಳಲಿಲ್ಲ. ನಾನು ಫಾರಂಗೆ ಸಹಿ ಹಾಕಿ ಒಳಗೆ ಬರುವಷ್ಟರಲ್ಲಿ ಎಡಗೈಯಲ್ಲಿ ಲಿಂಗ ಇಟ್ಟು, ಬೆರಳು ಮಡಚಿ, ಗಾಜ್ ಬಟ್ಟೆ ಸುತ್ತಿ ಕಟ್ಟಿದ್ದರು.

ಯಾರಾದರೂ ಮನೆಯವರನ್ನು ಇಂಥ ಕಡೆ ಸೇರಿಸುವುದಿದ್ದರೆ, ಯಾವ ಆಸ್ಪತ್ರೆಯೇ ಆಗಲಿ, ಕರಡಿಗೆ, ತಾಯತ, ಜಪಮಣಿ, ಪೇಪರ್, ಏನೇ ಇದ್ದರೂ ಮೊದಲ ದಿನವೇ ಹೇಳಿಬಿಡಿ. ಹಾಳೆ ಇಲ್ಲದಿದ್ದರೂ ಫೈಲಿನ ಮೇಲೆ ಬರೆಯಲು ಜಾಗ ಇರುತ್ತದೆ.